ಹಿತ್ತಲ ಗಂಧದ ಗಿಡಕ್ಕೆ ಬಂದ ಜಡ್ಡು

ಮೊನ್ನೆ ಹಾರೂಗೇರಿಯ ಪೂಜಾ ಸಾಮಾನಿನ ಅಂಗಡಿಯಲ್ಲಿ ಮಾಲೀಕರು ಗಂಧದ ಕೊರಡನ್ನು ಸಾಣೆಕಲ್ಲಿನ ಮೇಲೆ ತುಸು ತೇಯ್ದು ನನ್ನ ಅಂಗೈಗೆ ಹಚ್ಚಿದರು. ತಣ್ಣನೆಯ, ನಿಧಾನಕ್ಕೆ ಮೂಗಿಗೆ ಏರುವ ವಾಸನೆ. ಬೇರೆಯವರಿಗೆ ಈ ವಾಸನೆಯಿಂದ ಭಕ್ತಿ ಹುಟ್ಟುತ್ತದಂತೆ. ನನಗೆ ಅನುಮಾನ ಹುಟ್ಟುತ್ತದೆ. ಇದು ಯಾರ ಹಿತ್ತಲಿನದು, ಕಡಿದವರು ಯಾರು, ಕಡಿಯಲು ಹೇಳಿದವರು ಯಾರು? ಎಲ್ಲಿಂದ ತಂದಿರಿ ಎಂದು ಕೇಳಿಯೂ ಬಿಟ್ಟೆ. "ಪರವಾನಗಿ ಮಾಲ್ ಐತ್ರಿ ಅಕ್ಕಾರ, ಹಂಗ್ಯಾಕ ನೋಡ್ತೀರಿ?" ಎಂದು ಅವರು ಮುಖ ಸಣ್ಣದು ಮಾಡಿಕೊಂಡರು. ಏನು ಮಾಡಲಿ, ಈ ಗುಣ ನನಗೆ ಅಪ್ಪನ ತಾಯಿಯಿಂದ, ನಾವು ಆಯಿ ಎಂದು ಕರೆಯುತ್ತಿದ್ದವಳಿಂದ ಬಂದದ್ದು.

ಚಿಕ್ಕೋಡಿ ಕಡೆಯ ಗುಡ್ಡದ ಬುಡದಲ್ಲಿ ನಮ್ಮ ಊರು. ನಾವು ಬೇಸಾಯದ ಜೈನರು. ಅಪ್ಪ, ಅವ್ವ, ಅಪ್ಪನ ತಮ್ಮನಾದ ಕಾಕಾ, ಅವನ ಹೆಂಡತಿ ಕಾಕು, ಮಕ್ಕಳು, ಎಲ್ಲರಿಗೂ ಒಂದೇ ಒಲೆ. ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕೆಂದು ಆಯಿ ಎಲ್ಲರನ್ನೂ ಗದರಿಸಿ ಒಳಗೆ ಕರೆಯುತ್ತಿದ್ದಳು. ಹಿತ್ತಲಲ್ಲಿ ಯಾರೂ ನೆಡದ ಒಂದು ಗಂಧದ ಗಿಡವಿತ್ತು, ಹಕ್ಕಿ ಉದುರಿಸಿದ ಬೀಜದಿಂದ ಎದ್ದದ್ದು. ಗಾಳಿಗೆ ಮುರಿದುಬಿದ್ದ ಅದರ ಹಳೆಯ ಕೊಂಬೆಯನ್ನೇ ಆಯಿ ದಿನಾ ಬೆಳಿಗ್ಗೆ ತೇಯ್ದು, ಪುಟ್ಟ ಬಟ್ಟಲಲ್ಲಿ ಬಸದಿಗೆ ಒಯ್ಯುತ್ತಿದ್ದಳು. ತಾನು ಕಣ್ಣು ಮುಚ್ಚಿದ ಮೇಲೂ ಇದೇ ಗಿಡದ ಗಂಧ ಬಸದಿಗೆ ಹೋಗಬೇಕು ಎನ್ನುವುದೊಂದೇ ಅವಳ ಆಸೆ. ಆದರೆ ಆಗಿನ ಕಾನೂನಿನಲ್ಲಿ ಗಂಧ ಯಾರ ಹಿತ್ತಲಲ್ಲಿ ಹುಟ್ಟಿದರೂ ಅದು ಸರ್ಕಾರದ್ದು. ಹಾಗಾಗಿ ಗೋಡೆಯಾಚೆ ಯಾರು ಕತ್ತು ಉದ್ದ ಮಾಡಿದರೂ ಅವಳಿಗೆ ಸಂಶಯ. ಬಳೆಗಾರನ ಮೇಲೆ ಸಂಶಯ, ಮೊದಲ ಸಲ ಮನೆಗೆ ಬಂದ ಬೀಗರ ಮೇಲೂ ಸಂಶಯ. ನಾವು ನಗುತ್ತಿದ್ದೆವು.

ಒಂದು ವರ್ಷ ಆ ಗಿಡದ ಹೊಸ ಎಲೆಗಳು ತೀರ ಸಣ್ಣಗೆ, ಬಿರುಸಾಗಿ, ಕೊಂಬೆಯ ತುದಿಗೆ ಒತ್ತೊತ್ತಾಗಿ ನೆಟ್ಟಗೆ ನಿಂತವು. ಹೂವಿಲ್ಲ, ಕಾಯಿಯಿಲ್ಲ. ಮಳೆ ಹಿಡಿದ ಹೊಸತರಲ್ಲಿ ಅರಣ್ಯ ಇಲಾಖೆಯ ಜೀಪು ಬಂತು. ಗಾರ್ಡ್ ಒಂದು ಟೊಂಗೆ ಬಗ್ಗಿಸಿ ನೋಡಿ, "ಇದು ಹಬ್ಬೂ ಜಡ್ಡ ಐತ್ರಿ ಆಯಿ. ಸಣ್ಣ ಹುಳಾ ಇದರ ರಸಾ ಕುಡದು ಇನ್ನೊಂದ ಗಿಡಕ್ಕ ಹಚ್ಚತಾವು. ಗುಡ್ಡದಾಗಿನ ಗಿಡಾ ಉಳೀಬೇಕಂದ್ರ ಇದನ್ನ ತಗೀಬೇಕ್ರಿ" ಎಂದ. ಸುತ್ತ ತೊಗಟೆ ಕೆತ್ತಿ, ವಿಷ ಹಚ್ಚಿ, ಗಿಡ ನಿಂತಲ್ಲೇ ಒಣಗಿದ ಮೇಲೆ ಬೇರುಸಮೇತ ಕೀಳುವುದು ಅವರ ಪದ್ಧತಿಯಂತೆ. ಆಯಿ ಸೊಂಟಕ್ಕೆ ಸೆರಗು ಸಿಕ್ಕಿಸಿ ಅಡ್ಡ ನಿಂತಳು. "ಮನ್ಯಾಗ ಮಂದಿ ಜಡ್ಡಿನ್ಯಾಗ ಬಿದ್ರ ಒಬ್ಬಾಂವ ಹಣಿಕಿ ಹಾಕಂಗಿಲ್ಲ, ಗಿಡಕ್ಕ ಜಡ್ಡಂದ್ರ ಜೀಪ ಬರತೈತೇನು?"

ಅದು ಚಾತುರ್ಮಾಸ. ಆ ನಾಲ್ಕು ತಿಂಗಳು ಹಸಿರು ಕಡಿಯುವುದಿಲ್ಲ, ನೆಲ ಅಗೆಯುವುದಿಲ್ಲ, ಹುಳುವಿಗೂ ನೋವು ಮಾಡುವುದಿಲ್ಲ ಎಂದು ಆಯಿ ನೇಮ ಹಿಡಿದಿದ್ದಳು. ಕಾಕಾ ಗಾರ್ಡಿಗೆ ಕೈಮುಗಿದು, ದೀಪಾವಳಿ ಮುಗಿಯಲಿ ಎಂದು ಬೇಡಿಕೊಂಡ. ಅವರು ಗೊಣಗುತ್ತ ಒಪ್ಪಿ ಹೋದರು. ಸರ್ಕಾರವನ್ನು ಗೆದ್ದೆನೆಂದು ಆಯಿ ಹಿಗ್ಗಬೇಕಿತ್ತು, ಹಿಗ್ಗಲಿಲ್ಲ. "ಅವ್ರು ಯಾರಿಗೂ ದಾರಿ ಕೇಳಲಿಲ್ಲ. ನೆಟ್ಟಗ ಹಿತ್ತಲಕ್ಕ ಬಂದ್ರು. ಮನ್ಯಾಗಿನವ್ರ ಹೇಳ್ಯಾರ" ಎಂದಳು. ಎಮ್ಮೆಗೆ ಕೊಟ್ಟಿಗೆ ಕಟ್ಟಲು ಆ ಜಾಗದ ಮೇಲೆ ಕಾಕಾ ಕಣ್ಣಿಟ್ಟಿದ್ದ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಅವನು ದೇವರ ಮುಂದೆ ನಿಂತು, ನಾನು ಹೇಳಿಲ್ಲ ಎಂದ. ಆಯಿ ಅವನ ಮುಖವನ್ನೂ ನೋಡಲಿಲ್ಲ. ಮೆಲ್ಲಗೆ ನಮಗೂ ಆ ಚಾಳಿ ಹತ್ತಿತು. ಅಪ್ಪ ಪೇಟೆಗೆ ಹೊರಟರೆ ಕಾಕು ಯಾಕೆಂದು ಕೇಳುವಳು. ಕಾಕು ನೆರೆಮನೆಯವರೊಂದಿಗೆ ಮಾತಿಗೆ ನಿಂತರೆ ಅವ್ವ ಕಿವಿ ನಿಮಿರಿಸುವಳು. ಒಬ್ಬರಿಗೊಬ್ಬರು ಮಾತು ಬಿಡುತ್ತ ಬಂದೆವು.

ದೀಪಾವಳಿಯಾದ ಮೇಲೆ ಬಂದವರು ವಿಷ ಹಚ್ಚಿ ಹೋದರು. ಗಿಡ ಒಣಗಿದ ಮೇಲೆ ಮತ್ತೆ ಬಂದು ಕಿತ್ತರು. ಹೆಬ್ಬೆರಳು ಗಾತ್ರದ ಬೇರನ್ನೂ ಬಿಡದೆ ಲಾರಿಗೆ ಹಾಕಿದರು. "ಜಡ್ಡಿನ ಗಿಡದ ಬೇರ ಯಾಕ ಬೇಕವ್ವಾ ಇವ್ರಿಗೆ?" ಎಂದು ಆಯಿ ನನ್ನನ್ನೇ ಕೇಳಿದಳು. ಗಂಧದ ಎಣ್ಣೆ ಬೇರಲ್ಲೇ ಹೆಚ್ಚು ಎಂದು ಇಡೀ ಊರಿಗೆ ಗೊತ್ತು. ಬೇರನ್ನು ಜಡ್ಡಿಗೆಂದು ಒಯ್ದರೋ ಎಣ್ಣೆಗೆಂದೋ, ಇವತ್ತಿಗೂ ನನಗೆ ಗೊತ್ತಿಲ್ಲ. ಆ ಗುಂಡಿಯಿಂದ ಎಷ್ಟೋ ದಿನ ವಾಸನೆ ಬರುತ್ತಿತ್ತು. ಅದರ ಮೇಲೇ ಹಿತ್ತಲ ನಡುವೆ ಗೋಡೆ ಎದ್ದಿತು. ಕಾಕು ಆಚೆ ಒಲೆ ಹೂಡಿದಳು.

ಮರುವರ್ಷ ಮಳೆಗಾಲದ ಒಂದು ಬೆಳಿಗ್ಗೆ ಆಯಿ ಬಸದಿಯಿಂದ ಬಂದವಳೇ ಚಪ್ಪಲಿಯನ್ನೂ ಬಿಡದೆ ಗೋಡೆಯ ಹತ್ತಿರ ಹೋಗಿ ಕಾಕಾನನ್ನು ಕೂಗಿದಳು. ಅವನು ಗಾಬರಿಯಿಂದ ಓಡಿಬಂದ.

"ಬಸದಿ ಬಾವಿ ಕಡೆ ಗಂಧದ ಗಿಡಾ ಐತೆಲ್ಲಾ, ಅದಕ್ಕೂ ಅಂಥಾ ಎಲಿ ಬಂದಾವು. ಹೋದ ವರ್ಷ ನನ್ನ ನೇಮಾ ಮುಗಿಯೂದ್ರಾಗ ಹಬ್ಬಿತೇನೋ?"

ಕಾಕಾ ಗೋಡೆಗೆ ಕೈಯೂರಿ, "ಅವ್ವಾ, ಜೀಪಿನವ್ರಿಗೆ ನಾನ ಹೇಳಿದ್ದೆ" ಎಂದ. "ಗುಡ್ಡದಾಗ ಇಂಥಾ ಎಲಿ ಆದ ಗಿಡಾ ಸತ್ತದ್ದು ನೋಡಿದ್ದೆ. ನಮ್ಮದಂತೂ ಹೋಗೂದ ಇತ್ತು, ಬಸದಿ ಗಿಡಾ ಆದ್ರೂ ಉಳೀಲಿ ಅಂತ ಹೇಳಿದ್ದೆ."

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ನಂಬತಿದ್ದೇನು?"

ಗೋಡೆಯ ಈಚೆ ನಾನು ಆಯಿಯ ಸೆರಗು ಹಿಡಿದು ನಿಂತಿದ್ದೆ. ಅವಳು ಸುಳ್ಳು ಹೇಳಬಹುದಿತ್ತು. "ಇಲ್ಲಪಾ" ಎಂದಳು.

ಮರುದಿನ ಅರಣ್ಯ ಇಲಾಖೆಯ ಕಚೇರಿಗೆ ಸುದ್ದಿ ಮುಟ್ಟಿಸಲು ಆಯಿಯೇ ಹೊರಟಳು, ಕಾಕಾನ ಜೊತೆಗೆ. ಚಾತುರ್ಮಾಸ ಇನ್ನೂ ಮುಗಿದಿರಲಿಲ್ಲ. ಬಸ್ಸು ಹಿಡಿಯಲು ಕೆಸರಿನ ದಾರಿಯಲ್ಲಿ ಕಾಕಾ ಮುಂದೆ, ಅವನ ಹೆಗಲ ಮೇಲೆ ಕೈಯಿಟ್ಟು ಆಯಿ ಹಿಂದೆ. ಅಪ್ಪ, ಅವ್ವ, ಕಾಕು ಎಲ್ಲರೂ ಬಾಗಿಲಿಗೆ ಬಂದು ನೋಡುತ್ತ ನಿಂತರು. ಮುಂದಿನ ಮಳೆಗಾಲಕ್ಕೆ ಆಯಿ ಇರಲಿಲ್ಲ. ಅವರಿಬ್ಬರೂ ಜೊತೆಯಾಗಿ ನಡೆದದ್ದನ್ನು ನಾನು ನೋಡಿದ್ದು ಅದೇ ಕಡೆಯ ಸಲ.