ಅಕ್ಷರಕ್ಕೂ ಬೀಗ

ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಆದರೂ ಹೊಳೆನರಸೀಪುರದಲ್ಲಿ ಯಾರ ಮದುವೆಯೇ ಆಗಲಿ, ಲಗ್ನಪತ್ರಿಕೆಯನ್ನು ಮೊದಲು ಓದುವವನು ನಾನೇ. ಅದು ಅಚ್ಚಾಗುವುದು ನನ್ನ ಪ್ರೆಸ್ಸಿನಲ್ಲಿ. ಅಚ್ಚಿನ ಮೊಳೆ ಜೋಡಿಸುವ ಕಾಲದಲ್ಲಿ ಅಕ್ಷರಗಳು ಬೆರಳಿಗೆ ಮಸಿ ಮೆತ್ತಿ ನನ್ನವೇ ಆಗಿಬಿಡುತ್ತಿದ್ದವು. ಕಂಪ್ಯೂಟರ್ ಬಂದಮೇಲೆ ಅಕ್ಷರಕ್ಕೂ ಬೀಗ ಬಿತ್ತು. ತಮಾಷೆಯಲ್ಲ. ಕನ್ನಡ ಸಾಫ್ಟ್‌ವೇರಿನ ಜೊತೆ ಬೆಂಗಳೂರಿನ ಕಂಪನಿಯವರು ಹೆಬ್ಬೆಟ್ಟಿನಷ್ಟು ದೊಡ್ಡ ಪ್ಲಾಸ್ಟಿಕ್ ತುಂಡೊಂದನ್ನು ಕೊಟ್ಟಿದ್ದರು. ಅದನ್ನು ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಸದಿದ್ದರೆ 'ಅ' ಕೂಡ ಮೂಡದು. ಭಾಷೆ ನನ್ನದು, ಕೊಂಡವನು ನಾನು, ಬೀಗ ಮಾತ್ರ ಅವರದು!

ಮದುವೆಗಳ ಭರಾಟೆಯಲ್ಲೇ ಒಂದು ದಿನ, ಕರೆಂಟು ಹೋಗಿ ಬಂದ ಏಟಿಗೆ ಆ ತುಂಡು ಸುಟ್ಟುಹೋಯಿತು. ಸಾಫ್ಟ್‌ವೇರನ್ನೇ ಹೊಸದಾಗಿ ಕೊಳ್ಳಿ ಎಂದಿತು ಕಂಪನಿ. ಬಸ್‌ಸ್ಟ್ಯಾಂಡಿನ ಬಳಿ ಕಂಪ್ಯೂಟರ್ ಪಾಠ ಹೇಳುತ್ತಿದ್ದ ಅರಕಲಗೂಡಿನ ಮಂಜುನಾಥ ಬಂದು ಪುಟ್ಟ ಪ್ರೋಗ್ರಾಂ ಬರೆದ. ಬೀಗವಿಲ್ಲದೆಯೇ ಅಕ್ಷರ ಮೂಡಿತು. ಖುಷಿಗೆ ಊರಿಗೆಲ್ಲ ಸಾರಿದೆ. ನನ್ನ ಗಂಟಲು ದೊಡ್ಡದು, ಬೆಂಗಳೂರಿಗೂ ಕೇಳಿಸಿತು.

ಕಂಪನಿಯ ಟೈ ಕಟ್ಟಿದವರೊಬ್ಬರು ಹೆಡ್ ಕಾನ್‌ಸ್ಟೆಬಲ್ ಸಿದ್ದೇಗೌಡರ ಜೊತೆ ಬಂದಿಳಿದರು. ನನ್ನ ಪ್ರೆಸ್ಸಿನಲ್ಲೇ ಕೂತು ಲಗ್ನಪತ್ರಿಕೆ ಟೈಪು ಮಾಡುತ್ತಿದ್ದ ಮಂಜುನಾಥ ಹೆದರಿ ಎದ್ದುನಿಂತ. ಬೀಗ ಹಾಕಿದ ಕಂಪ್ಯೂಟರ್ ಪುಸ್ತಕ ತೆರೆಯುವ ಪ್ರೋಗ್ರಾಂ ಬರೆದವನನ್ನು ಅಮೆರಿಕದಲ್ಲಿ ಜೈಲಿಗೆ ಹಾಕಿದರೆಂದು ಅದೇ ವಾರ ಪೇಪರಿನಲ್ಲಿ ಓದಿದ್ದ.

"ಬೀಗ ಕ್ರ್ಯಾಕ್ ಮಾಡಿದ್ದು ಇವನೇ. ಅರೆಸ್ಟ್ ಮಾಡಿ," ಎಂದರು ಟೈನವರು.

ಗೌಡರು ಅವನನ್ನು ಮೇಲಿಂದ ಕೆಳಗೆ ನೋಡಿದರು. "ಕ್ರ್ಯಾಕಾ? ನೆಟ್ಟಗವ್ನಲ್ಲ ಸಾ!"

"ಅಲ್ಲರೀ, ಅಕ್ಷರ ಕದ್ದಿದ್ದಾನೆ!"

"ಯಾವ ಅಕ್ಸರ? ಎಲ್ಲೈತೆ?"

ಸಾಫ್ಟ್‌ವೇರ್ ಕೊಂಡ ಬಿಲ್ಲನ್ನು ಗೌಡರ ಕೈಗಿಟ್ಟು, ಕಂಪ್ಯೂಟರಿನತ್ತ ಬೆರಳು ತೋರಿಸಿದೆ. ಪರದೆಯ ಮೇಲಿದ್ದದ್ದು ಅವರದೇ ಮಗಳ ಲಗ್ನಪತ್ರಿಕೆ. ಟೋಪಿ ತೆಗೆದು ಬಗ್ಗಿ ಓದಿದರು.

"ಲೇ ಮಂಜ, ನಮ್ಮವ್ವನ ಎಸ್ರೇ ಬಿಟ್ಬುಟ್ಟಿದ್ದೀಯಲ್ಲಾ! ಕೂತ್ಕಂಡು ಸೇರ್ಸು." ಆಮೇಲೆ ಟೈನವರತ್ತ ತಿರುಗಿದರು. "ದುಡ್ ಕೊಟ್ಟು ತಗಂಡವ್ರೆ, ಬಿಲ್ಲೈತೆ. ಇನ್ನು ಕ್ರ್ಯಾಕು ಅಂತೀರಾ? ಅದ್ಕೆ ಡಾಕ್ಟ್ರು ಬರ್ಕೊಡ್ಬೇಕು ಸಾ. ಆಸ್ನದ ದೊಡ್ಡಾಸ್ಪತ್ರೆಗೋಗಿ ಬನ್ನಿ."

ಟೈನವರಿಗೂ ನಗು ತಡೆಯಲಾಗಲಿಲ್ಲ. ಕೆಲವೇ ದಿನಗಳಲ್ಲಿ ಹೊಸ ಬೀಗ ಕಳಿಸಿದರು. ನಾನೂ ಮರ್ಯಾದೆಯಾಗಿ ಸಿಕ್ಕಿಸಿಕೊಂಡೆ.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ದೊಡ್ಡ ಮನುಷ್ಯನಾಗಿ ಉಳಿಯುತ್ತಿದ್ದೆ. ಮೊನ್ನೆ ಚನ್ನರಾಯಪಟ್ಟಣದ ಪ್ರೆಸ್ಸಿನವನೊಬ್ಬ, ನಾನು ತಲೆ ಕೆರೆದು ಬರೆದಿದ್ದ ಆಮಂತ್ರಣದ ಸಾಲುಗಳನ್ನು ಒಂದು ಕೊಂಬೂ ಬಿಡದೆ ಅಚ್ಚು ಹಾಕಿದ್ದನ್ನು ಕಂಡೆ. ಮೈಯೆಲ್ಲ ಉರಿದುಹೋಯಿತು. ಸೀದಾ ಮಂಜುನಾಥನ ಬಳಿ ಹೋಗಿ, ನನ್ನ ಸಾಲುಗಳಿಗೊಂದು ಭದ್ರವಾದ ಬೀಗ ಮಾಡಿಕೊಡು ಎಂದೆ.

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಅಣ್ಣಾ, ನಿಮ್ಗೂ ಕ್ರ್ಯಾಕಾ?"