ಬಾಲಿ ಬೆಟ್ಟದ ಮೇಲೆ ಸೋಮವಾರ

ಬಾಲಿ ದ್ವೀಪದಿಂದ ಎಲ್ಲರಿಗೂ ನಮಸ್ಕಾರ ಕಣ್ರಪ್ಪಾ. ಇವತ್ತು ಬೆಳಗಿನ ಜಾವ ಅರಕಲಗೂಡಿನ ನಮ್ಮ ಬಳಗವೆಲ್ಲ ಸೂರ್ಯೋದಯ ನೋಡಲು ಇಲ್ಲಿನ ಜ್ವಾಲಾಮುಖಿ ಬೆಟ್ಟ ಹತ್ತಿತು. ತುದಿಯಲ್ಲಿ ನೆಲದ ಬಿರುಕಿನಿಂದ ಬಿಸಿ ಹಬೆ ಬರುತ್ತದೆ. ಗೈಡ್ ಅದರಲ್ಲೇ ಮೊಟ್ಟೆ ಬೇಯಿಸಿ ತಂದ. ಹಸಿದಿದ್ದ ನಾವೆಲ್ಲ ಕೈ ಚಾಚಿದೆವು.

"ಮುಟ್ಟಬ್ಯಾಡಿ, ಇವತ್ತು ಸ್ವಾಮಾರ!" ದೊಡ್ಡಮ್ಮ ಗದರಿದರು. ನಮ್ಮ ಮನೆಗಳಲ್ಲಿ ಸೋಮವಾರ ಮೊಟ್ಟೆ, ಬಾಡು ಮುಟ್ಟುವಂತಿಲ್ಲ.

ಅವರ ಅಳಿಯ, ನಮ್ಮ ಭಾವ, ಬಿಡಲಿಲ್ಲ. "ಒತ್ತು ಉಟ್ಟಿದ್ ಮ್ಯಾಲಲ್ವಾ ಅತ್ತೆ ಸ್ವಾಮಾರ? ಅಲ್ಲೀಗಂಟ ಭಾನ್ವಾರನೇ."

ದೊಡ್ಡಮ್ಮ ಯೋಚಿಸಿದರು. "ಅದೂ ದಿಟವೇ. ಬಿರ್ರನೆ ತಿನ್ನಿ."

ಸೂರ್ಯನನ್ನು ನೋಡಲೆಂದೇ ಅಷ್ಟು ದೂರ ಬಂದವರು, ಅವನು ಇನ್ನೊಂಚೂರು ತಡವಾಗಿ ಬರಲಪ್ಪಾ ಎಂದು ಬೇಡಿಕೊಳ್ಳುತ್ತ, ಪೂರ್ವಕ್ಕೆ ಬೆನ್ನು ಹಾಕಿ ಸಿಪ್ಪೆ ಸುಲಿದೆವು. ಉಳಿದ ಪ್ರವಾಸಿಗರು ಹೋ ಎಂದಾಗ ತಿರುಗಿ ನೋಡಿದರೆ ಸೂರ್ಯ ಆಗಲೇ ಮೇಲೆ ಬಂದಿದ್ದ. ಫೋಟೊದಲ್ಲಿ ಎಲ್ಲರ ಕೆನ್ನೆಯೂ ಉಬ್ಬಿದೆ.

ಎಲ್ಲರಿಗೂ ಸುಲಿದುಕೊಡುತ್ತಿದ್ದ ದೊಡ್ಡಮ್ಮನ ಪಾಲಿನ ಮೊಟ್ಟೆ ಮಾತ್ರ ಹಾಗೇ ಉಳಿದಿತ್ತು. ಅದನ್ನೇ ಸ್ವಲ್ಪ ಹೊತ್ತು ನೋಡಿದ ಅವರು, ಊರಿನಲ್ಲಿ ಮಲಗಿದ್ದ ಸೊಸೆಗೆ ಫೋನ್ ಮಾಡಿದರು.

"ಕಿಟಕಿ ತೆಗ್ದು ನೋಡವ್ವ, ಒತ್ತು ಉಟ್ಟೈತಾ?"

"ಇಲ್ಲ ಕಣತ್ತೆ, ಇನ್ನೂ ಕಗ್ಗತ್ಲು, ಕೋಳಿನೂ ಕೂಗಿಲ್ಲ. ಯಾಕೆ, ಯಾರಿಗೇನಾಯ್ತು?"

"ಏನಿಲ್ಲ, ನೀನ್ ಮನಿಕ್ಕೊ."

ಫೋನಿಟ್ಟ ದೊಡ್ಡಮ್ಮ ಎಳೆಬಿಸಿಲಿಗೆ ಮುಖ ಒಡ್ಡಿ ಕೂತು, ಮೊಟ್ಟೆ ಸುಲಿಯತೊಡಗಿದರು.

"ಅರಕಲಗೂಡಲ್ಲಿನ್ನೂ ಭಾನ್ವಾರ ಕಣ್ರೋ. ಉಪ್ಪೆಲ್ಲಿ?"