ನಾಲಿಗೆಯಲ್ಲಿ ಉಳಿದ ಮುಳ್ಳು

ಮಿರಜಿನ ಹತ್ತಿರದ ಕುಪವಾಡದಲ್ಲಿ ಕಾರ್ಖಾನೆಗಳು ಒಂದರ ಹಿಂದೊಂದು ಏಳುತ್ತಿದ್ದ ಕಾಲ. ನಮ್ಮೂರು ಸಮಡೋಳಿಯ ಹೊಲವನ್ನು ಅಪ್ಪನಿಗೆ ಬಿಟ್ಟು ನಾನು ಅಲ್ಲಿ ಕೆಲಸಕ್ಕೆ ಸೇರಿದ್ದೆ. ಮರುವರ್ಷ ತಮ್ಮನನ್ನೂ ಎಳೆದುಕೊಂಡು ಹೋದೆ. ಲೇತ್ ಮಷೀನಿನ ಜೊತೆಗೆ ಮೀನು ತಿನ್ನುವುದನ್ನೂ ಅವನಿಗೆ ಕಲಿಸಿದವನು ನಾನೇ. ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟದ ಜೈನರ ಮನೆ ನಮ್ಮದು. ಕಾರ್ಖಾನೆಯಲ್ಲಿ ಕೊಂಕಣದ ಗೆಳೆಯನೊಬ್ಬನ ಮೀನಿನ ಡಬ್ಬಿ ಖಾಲಿ ಮಾಡಿ, ವಾಸನೆ ಹೋಗಲೆಂದು ಬಡೆಸೋಪು ಅಗಿದು ಮನೆಗೆ ಬಂದರೆ ಇಬ್ಬರೂ ಮತ್ತೆ ಶುದ್ಧ.

ಒಂದು ದಿನ ಊಟದ ನಡುವೆ ತಮ್ಮ ಬಾಯಿ ಹಿಡಿದುಕೊಂಡ. ಮೀನಿನ ಮುಳ್ಳು ನಾಲಿಗೆಗೆ ಚುಚ್ಚಿ ಒಳಗೇ ಮುರಿದಿತ್ತು. ನಾಲ್ಕು ದಿನಕ್ಕೆ ನಾಲಿಗೆಯ ಒಂದು ಮಗ್ಗುಲು ಊದಿ ಗಟ್ಟಿಯಾಯಿತು, ಜ್ವರ ಬಂತು, ಉಗುಳು ನುಂಗುವುದೂ ಕಷ್ಟವಾಯಿತು. ಅಪ್ಪ ನಮ್ಮಿಬ್ಬರನ್ನೂ ಮಿರಜಿನ ಆಸ್ಪತ್ರೆಗೆ ಕರೆದುಕೊಂಡು ಹೋದ.

ಡಾಕ್ಟರರು ನಾಲಿಗೆ ಒತ್ತಿ ನೋಡಿದರು. ಮುರಿದ ಹಲ್ಲು ಇದೆಯೇ ಎಂದು ಹುಡುಕಿದರು.

"ಗುಟಕಾ ತಿಂತಾನೇನ್ರಿ?"

"ತಿಂತಾನ್ರಿ," ಅಪ್ಪ ಒಪ್ಪಿಕೊಂಡ.

"ಮೀನಿನ ಮುಳ್ಳು ಗಿಳ್ಳು ಚುಚ್ಚಿತ್ತೇನು? ಹಂಗಿದ್ರ ಒಳಗ ಕೀವು ಆಗಿರತೈತಿ."

"ನಾವು ಜೈನರ್ರಿ," ಎಂದ ಅಪ್ಪ, ಕೇಳಿದ್ದೇ ತಪ್ಪೆಂಬಂತೆ.

ತಮ್ಮ ನನ್ನ ಕಡೆ ನೋಡಿದ. ಅವನಿಗೆ ಮಾತಾಡಲು ಆಗುತ್ತಿರಲಿಲ್ಲ, ನನಗೆ ಆಗುತ್ತಿತ್ತು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತೆ. ಗುಟಕಾ ಸಹಿಸಿದ ಅಪ್ಪ ಮೀನು ತಿಂದವರನ್ನು ಹೊಸ್ತಿಲು ದಾಟಗೊಡಲಾರ ಎಂದು ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ. ನನ್ನಂಥ ಹೇಡಿ ಇನ್ನೊಬ್ಬನಿಲ್ಲ.

ಹಾಗಾದರೆ ಗಡ್ಡೆ ಇರಬಹುದು ಎಂದರು ಡಾಕ್ಟರರು. ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿ, ಗುಳಿಗೆ ಬರೆದುಕೊಟ್ಟರು. ಮನೆಯಲ್ಲಿ ಅವ್ವ ಕ್ಯಾನ್ಸರ್ ಎಂದು ಅತ್ತಳು. ಅಲ್ಲ ಎಂದು ಗೊತ್ತಿದ್ದ ನಾನು ಅವಳ ಪಕ್ಕದಲ್ಲೇ ಕೂತಿದ್ದೆ. ಗುಳಿಗೆಗೆ ಬಾವು ಇಳಿದೀತು, ಇಳಿಯದಿದ್ದರೆ ನಾಳೆ ಹೇಳಿದರಾಯಿತು ಎಂದು ದಿನ ತಳ್ಳಿದೆ.

ಮೂರನೆಯ ದಿನ ಬೆಳಿಗ್ಗೆ ಬಾವು ಗಂಟಲನ್ನೇ ಮುಚ್ಚಿತು. ಜೀಪು ಮಿರಜ ಮುಟ್ಟುವಷ್ಟರಲ್ಲಿ ತಮ್ಮ ನೀಲಿಗಟ್ಟಿದ್ದ. ಡಾಕ್ಟರರು ಗಂಟಲಿಗೆ ತೂತು ಮಾಡಿ ಉಸಿರು ಕೊಟ್ಟರು, ನಾಲಿಗೆ ಕೊಯ್ದು ಕೀವು ತೆಗೆದರು. ಅವನು ಉಳಿಯಲಿಲ್ಲ. ಅರಳೆಯ ಮೇಲೆ ಒಂದು ಸಣ್ಣ ಬಿಳಿ ಮುಳ್ಳನ್ನು ತಂದು ಅಪ್ಪನಿಗೆ ತೋರಿಸಿದರು.

ಹೊರಗಿನ ಬಾಕಿನ ಮೇಲೆ ಕೂತು ಅಪ್ಪನಿಗೆ ಎಲ್ಲ ಹೇಳಿದೆ.

"ಆವತ್ತ ಹೇಳಿದ್ರ ನಾ ಏನ ಮಾಡತಿದ್ದೆಪಾ," ಎಂದ ಅಪ್ಪ. "ಎರಡ ದಿನ ನಿಮ್ಮ ಕೂಡ ಮಾತಾಡತಿದ್ದಿಲ್ಲ. ಅಷ್ಟ."